ಪಟ್ಟಿಯ ಕೊನೆಯ ಮನೆ

ಮಳೆ ನಿಂತು ಅಕ್ಟೋಬರ್ ಬಿಸಿಲು ಏರಿತೆಂದರೆ ನಮ್ಮ ಕನ್ನಡ ಸಭೆಯಲ್ಲಿ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಸುಗ್ಗಿ ಆರಾಧನೆ, ಹಾಡಿನ ಕೂಟ, ಒಂಟಿ ಹಿರಿಯರ ಮನೆಗೆ ಹೋಗಿ ದಿನಸಿಯ ಕಿಟ್ ಕೊಟ್ಟು ಬರುವುದು, ಮೂರೂ ಒಂದರ ಬೆನ್ನಿಗೊಂದು ಬರುತ್ತವೆ. ಮೂರಕ್ಕೂ ಅದೇ ಹತ್ತು ಜನ ಓಡಾಡುತ್ತಾರೆ. ಈ ಮರಾಠಿ ನಾಡಿನ ಡೊಂಬಿವಲಿಯಲ್ಲಿ ಬೇರೆ ಭಾಷೆಯವರ ಚರ್ಚೊಂದರಲ್ಲಿ ನಮಗೆ ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರ ಪಾಳಿ ಸಿಕ್ಕಿದೆ. ಅಂದರೆ ದೇವರೂ ಊಟ ಮುಗಿಸಿ ಸ್ವಲ್ಪ ಒರಗುವ ಹೊತ್ತು.

ನಾನು ಗದಗಿನ ಕಡೆಯವಳು. ಮೂವತ್ತಾರು ವರ್ಷ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಎಲ್ಲರೂ ಈಗಲೂ ಸಿಸ್ಟರ್ ಎಂದೇ ಕರೆಯುತ್ತಾರೆ. ಮಕ್ಕಳಿಲ್ಲ. ಯಜಮಾನರು ಹೋಗಿ ಮೂರು ವರ್ಷವಾಯಿತು. ಸೋಮವಾರದಿಂದ ಶನಿವಾರದವರೆಗೆ ನಾನು ಕನ್ನಡ ಮಾತಾಡುವುದು ಕುಕ್ಕರಿನ ಜೊತೆ ಮಾತ್ರ, ಅದೂ ಅದು ಸೀಟಿ ಹೊಡೆಯದೆ ಸತಾಯಿಸಿದಾಗ.

ಆದರೂ ನನಗೊಂದು ಹಟವಿದೆ. ಸಭೆಯ ಒಂಟಿ ಹಿರಿಯರ ಪಟ್ಟಿಯನ್ನು ಹಿಡಿದುಕೊಂಡು ಹೋಗುವವರಲ್ಲಿ ನಾನಿರಬೇಕು, ಪಟ್ಟಿಯೊಳಗೆ ನಾನಿರಬಾರದು. ಯಾರ ಕನಿಕರವೂ ನನಗೆ ಬೇಡ. ಯಾರಾದರೂ “ಹೆಂಗಿದ್ದೀರಿ ಸಿಸ್ಟರ್” ಅಂದರೆ “ಪುರಸೊತ್ತ ಇಲ್ರೀ” ಎಂದುಬಿಡುತ್ತೇನೆ. ಮೂರು ವರ್ಷ ಇದೇ ಸುಳ್ಳಿನ ಮೇಲೆ ದಿನ ತಳ್ಳಿದ್ದೇನೆ.

೧. ಹಸಿ ಮೆಟ್ಟಿಲು

ನಮ್ಮ ಪಾಸ್ಟರು ಮಂಗಳೂರಿನ ಕಡೆಯವರು. ಸುಗ್ಗಿ ಆರಾಧನೆಗೆ ಪ್ರತಿ ವರ್ಷ ಎಲ್ಲರೂ ಮಾರ್ಕೆಟ್ಟಿನಿಂದ ಕುಂಬಳಕಾಯಿ ತಂದು ವೇದಿಯ ಮುಂದೆ ಇಡುವುದು ನೋಡಿ ಅವರಿಗೆ ಸಾಕಾಗಿತ್ತು.

“ನೋಡಿ, ಈ ಸಲ ಕೊಂಡು ತಂದದ್ದು ಬೇಡ ಆಯ್ತಾ? ನಿಮ್ಮ ನಿಮ್ಮ ಕೈಯ ದುಡಿಮೆಯದ್ದು ಏನುಂಟೋ ಅದನ್ನು ತನ್ನಿ” ಅಂದರು.

ಹೊಲವಿಲ್ಲದ ಊರಿನಲ್ಲಿ ಏನು ತರುವುದು? ನಾನು ಕಿಟಕಿಯ ಗ್ರಿಲ್ಲಿನಲ್ಲಿ ಇಟ್ಟ ಕರಿಬೇವಿನ ಗಿಡದಿಂದ ಎರಡು ಎಸಳು ಕಿತ್ತುಕೊಂಡು ಹೋದೆ. ಒಬ್ಬಳಿಗೆ ಒಗ್ಗರಣೆಗೆ ಅದೂ ಹೆಚ್ಚೇ. ರಾಯಚೂರಿನ ಕಡೆಯ, ಗಾರೆ ಕೆಲಸದ ಗೌಂಡಿಯೊಬ್ಬರು ಮಾತ್ರ ಒಂದೂವರೆ ಗಂಟೆಗೇ ಬಕೆಟ್ಟು, ಕರಣಿ ಹಿಡಿದು ಬಂದಿದ್ದರು.

“ನಾ ಕಾಯಿಪಲ್ಯ ಬೆಳದಾಂವ ಅಲ್ರೀ ಅಕ್ಕಾರ, ಗ್ವಾಡಿ ಬೆಳಸೀನಿ” ಎಂದು ವೇದಿಯ ಕೆಳಗಿನ ಒಡೆದ ಮೆಟ್ಟಿಲಿಗೆ ಚೆಂದಾಗಿ ಸಿಮೆಂಟು ಮೆತ್ತಿ, ಹಸಿ ಇದೆ ಎಂದು ಗೊತ್ತಾಗಲಿ ಅಂತ ಮೇಲೆ ಪೇಪರು ಮುಚ್ಚಿದರು. ಪೇಪರು ಮುಚ್ಚಿದ್ದರಿಂದಲೇ ಯಾರಿಗೂ ಗೊತ್ತಾಗಲಿಲ್ಲ.

ಎರಡು ಗಂಟೆಗೆ ಹಾಡು ಶುರುವಾಯಿತು. ಪಾಸ್ಟರು ಬಿಳಿ ನಿಲುವಂಗಿಯಲ್ಲಿ ಗಂಭೀರವಾಗಿ ನಡೆದು ಬಂದು ಬಲಗಾಲು ಅಲ್ಲೇ ಇಟ್ಟರು. ಪೇಪರಿನ ಸಮೇತ ಕಾಲು ಹೂತಿತು. ಹಾಡು ನಡೆಯುವಾಗ ನಿಲ್ಲುವ ಹಾಗಿಲ್ಲವಲ್ಲ, ಕಿತ್ತುಕೊಂಡು ಮೇಲೆ ಹೋದರು. ಒಂದು ಗಂಟೆಯ ಬೋಧನೆಯನ್ನು ಬೂಟಿಗೆ ಅಂಟಿದ ಪೇಪರಿನೊಂದಿಗೇ ಮಾಡಿದರು. ಅಷ್ಟರಲ್ಲಿ ಸಿಮೆಂಟು ಬಿಗಿದು, ಹೆಜ್ಜೆ ಅಲ್ಲೇ ಉಳಿಯಿತು.

ಆರಾಧನೆ ಮುಗಿದ ಮೇಲೆ ಪಾಸ್ಟರು ನಾಚಿಕೊಂಡು, “ಕೆಲಸ ಹಾಳು ಮಾಡಿದೆ ಮಾರಾಯ್ರೆ, ಕ್ಷಮಿಸಿ” ಅಂದರು.

ಗೌಂಡಿ ಕೈ ಮುಗಿದರು. “ಛೇ, ಬಿಡ್ರೀ ಅಯ್ಯನೋರ. ಈ ಊರಾಗ ಮೂವತ್ತು ಬಿಲ್ಡಿಂಗ್ ಕಟ್ಟೀನಿ, ಗೃಹಪ್ರವೇಶಕ್ಕ ಒಬ್ಬರೂ ಕರದಿಲ್ಲ. ಇದೊಂದಕ್ಕರ ನಾ ನಿಂತು ನೋಡೂಮುಂದ ಮೊದಲ ಕಾಲಿಟ್ರಿ!”

೨. ಗುರುವಾರದ ಅಳು

ಸುಗ್ಗಿಯ ನಂತರ ಖಾರಘರದಲ್ಲಿ ಹಾಡಿನ ಕೂಟ. ಸುತ್ತಲಿನ ಕನ್ನಡ ಸಭೆಗಳೆಲ್ಲ ಸೇರುತ್ತವೆ. ನಮ್ಮ ಗಾಯಕವೃಂದದಲ್ಲಿ ಆಲ್ಟೊ ಎಂದರೆ ನಾನೊಬ್ಬಳೇ. ತಿಳಿಯದವರಿಗೆ ಹೇಳುತ್ತೇನೆ: ಹಾಡಿನ ರಾಗವನ್ನು ಮೇಲಿನ ದನಿಯ ಹೆಂಗಸರು ಹಾಡುತ್ತಾರೆ, ಅದರ ಕೆಳಗೆ ಊರುಗೋಲಿನ ಹಾಗೆ ನಡೆಯುವುದು ಆಲ್ಟೊ. ಎಲ್ಲರ ಜೊತೆ ಸೇರಿದರೆ ಚೆಂದ. ಅದೊಂದನ್ನೇ ಹಾಡಿದರೆ ಯಾವ ಹಾಡೆಂದು ಹಾಡುವವರಿಗೂ ಗೊತ್ತಾಗುವುದಿಲ್ಲ.

ಮೊದಲು ಮನೆಯಲ್ಲಿ ಅಭ್ಯಾಸಕ್ಕೆ ಯಜಮಾನರ ಬೇಸ್, ಅಂದರೆ ಗಂಡಸರ ತಗ್ಗಿನ ದನಿ, ಇರುತ್ತಿತ್ತು. ಈಗ ಫ್ರಿಜ್ಜಿನದು ಮಾತ್ರ. ಒಂದು ಗುರುವಾರ ನಾಲ್ಕು ಗಂಟೆಗೆ ಕೂತು ಕೃತಜ್ಞತೆಯ ಹಾಡೊಂದನ್ನು ಆಲ್ಟೊದಲ್ಲಿ ತಿದ್ದುತ್ತಿದ್ದೆ. ಸಾಲಿಗೊಂದು ‘ಆನಂದ’ ಇದ್ದ ಹಾಡು. ಬೆಲ್ಲಾಯಿತು. ಕೆಳಗಿನ ಮನೆಯ ಮರಾಠಿ ಕಾಕೂ, ತಟ್ಟೆಯಲ್ಲಿ ಬಿಸಿ ಥಾಲಿಪೀಠ, ಮೇಲೆ ಬೆಣ್ಣೆ.

“ರಡೂ ನಕಾ ಹೋ ತಾಈ” ಅಂದರು. ಅಳಬೇಡಿ ಎಂದು. ಅವರ ಕಣ್ಣಲ್ಲೇ ನೀರಿತ್ತು.

ಇದು ಅಳುವಲ್ಲ, ಆನಂದದ ಹಾಡು ಎಂದು ಹೇಳಲು ಬಾಯಿ ತೆರೆದೆ. ಥಾಲಿಪೀಠದ ವಾಸನೆ ಬಂತು. ಬಾಯಿ ಮುಚ್ಚಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಕಾಕೂ ಒಂದು ಗಂಟೆ ಕೂತು ತನ್ನ ಗಂಡನ ಮಂಡಿನೋವು, ಸೊಸೆಯ ಡ್ಯೂಟಿ ಎಲ್ಲ ಹೇಳಿದರು. ನಾನೂ ಏನೇನೋ ಹೇಳಿದೆ. ಅವರು ಹೋದ ಮೇಲೆ ಮನೆ ಮೊದಲಿಗಿಂತ ದೊಡ್ಡದಾಗಿ ಕಂಡಿತು.

ಮುಂದಿನ ಗುರುವಾರ ನಾಲ್ಕಕ್ಕೆ ಸರಿಯಾಗಿ ಕಿಟಕಿ ಪೂರ್ತಿ ತೆರೆದಿಟ್ಟು ಇನ್ನೂ ಸ್ವಲ್ಪ ಗಟ್ಟಿಯಾಗಿ ಅಭ್ಯಾಸ ಮಾಡಿದೆ. ಆ ಸಲ ಸಾಬೂದಾಣಾ ವಡೆ ಬಂತು. ಹಾಡಿನ ಕೂಟದ ಹೊತ್ತಿಗೆ ನನ್ನ ಆಲ್ಟೊ ಚೆನ್ನಾಗಿ ಪಳಗಿತ್ತು, ತೂಕವೂ ಎರಡು ಕಿಲೋ ಏರಿತ್ತು.

೩. ಕಾಫಿಗೆ ಕತ್ತರಿ

ಕಿಟ್ಟಿನಲ್ಲಿ ಏನೇನಿರಬೇಕು ಎಂದು ಕಮಿಟಿ ಕೂತಾಗ ನಾನೇ ನ್ಯಾಯಾಧೀಶೆ. ನರ್ಸಿನ ಮಾತಿಗೆ ಎದುರಾಡುವ ಧೈರ್ಯ ಯಾರಿಗಿದೆ?

“ಒಂದು ಪಾಕೀಟು ಕಾಫಿ ಪುಡಿ ಹಾಕುವ” ಅಂದರು ಪಾಸ್ಟರು.

“ವಯಸ್ಸಾದವರಿಗೆ ಕಾಫಿ ಯಾಕ್ರೀ? ಬಿಪಿ ಏರ್ತದ, ನಿದ್ದಿ ಹಾಳಾಗ್ತದ. ರಾಗಿ ಹಿಟ್ಟು ಹಾಕ್ರಿ.”

“ಬಂದವರಿಗೆ ಕೊಡ್ಲಿಕ್ಕೆ ಬೇಡವಾ ಸಿಸ್ಟರ್?”

“ಅವರ ಮನಿಗೆ ಯಾರ ಬರ್ತಾರ?”

ಅಂದುಬಿಟ್ಟೆ. ಕಾಫಿಗೆ ಕತ್ತರಿ ಬಿತ್ತು. ಜೊತೆಗೆ ನನ್ನ ಕೈಯಾರೆ ಬರೆದ ಸೂಚನೆಯ ಕಾರ್ಡು: ಒಂದು, ಔಷಧಿ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಎರಡು, ಎಣ್ಣೆ ಪದಾರ್ಥ ಬೇಡ. ಮೂರು, ಟಿವಿಯ ಮುಂದೆ ಒಬ್ಬರೇ ಕೂತು ಉಣ್ಣಬೇಡಿ. ನಾಲ್ಕು, ಕಾಫಿ ವರ್ಜ್ಯ.

ಇಷ್ಟು ಬರೆದು ಮುಗಿಸುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಮನೆಗೆ ಬಂದು ಟಿವಿ ಹಚ್ಚಿ, ಎರಡು ಲೋಟ ಸ್ಟ್ರಾಂಗ್ ಕಾಫಿ ಕುಡಿದೆ.

೪. ಅಜ್ಜನ ಕೀಲಿ

ಮೊದಲ ಶನಿವಾರ ವಿಠ್ಠಲವಾಡಿಗೆ ಹೋದೆವು. ಹೋಟೆಲುಗಳಲ್ಲಿ ನಲವತ್ತು ವರ್ಷ ಅಡುಗೆ ಮಾಡಿ, ಮದುವೆಯಾಗದೆ ಉಳಿದ ಕರಾವಳಿಯ ಅಜ್ಜ. ಒಂದೇ ಖೋಲಿ. ನಾವು ಎಂಟು ಜನ ಮಂಚದ ಮೇಲೆ, ಗೋಣಿಚೀಲದ ಮೇಲೆ ಕೂತು ಎರಡು ಹಾಡು ಹಾಡಿ, ಪ್ರಾರ್ಥನೆ ಮಾಡಿ ಎದ್ದೆವು. ನೋಡಿದರೆ ಕಬ್ಬಿಣದ ಜಾಲರಿ ಬಾಗಿಲಿಗೆ ಒಳಗಿನಿಂದ ಬೀಗ.

“ಕೀ ಎಲ್ಲಿಟ್ಟೆನೋ ಏನೋ” ಅಂದರು ಅಜ್ಜ. “ಮರೆವು ನೋಡಿ. ನೀವು ಇನ್ನೊಂದು ಹಾಡು ಹೇಳ್ತಾ ಇರಿ, ನಾನು ಹುಡುಕ್ತೇನೆ.”

ಹಾಡಿದೆವು. ಅಜ್ಜ ಹುಡುಕಲಿಲ್ಲ, ತಾಳ ಹಾಕುತ್ತ ಕೂತರು. ಅದು ಮುಗಿದ ಮೇಲೆ ಡಬ್ಬಿಯೊಂದನ್ನು ಎತ್ತಿ ನೋಡಿದ ಹಾಗೆ ಮಾಡಿ, “ಇಲ್ಲಿಲ್ಲ. ಇನ್ನೊಂದು ಹೇಳಿ” ಅಂದರು. ಹೀಗೆ ಒಂಬತ್ತು ಹಾಡಾದವು. ನಮ್ಮ ಎರಡು ಲೋಕಲ್ ರೈಲು ತಪ್ಪಿದವು. ಕೊನೆಗೆ ಗಂಟಲು ಕಟ್ಟಿ ನಾವೆಲ್ಲ ಸುಮ್ಮನಾದಾಗ ಅಂಗಿಯ ಜೇಬಿನಿಂದ ಕೀಲಿ ತೆಗೆದು, “ಅರೆ, ಇಲ್ಲೇ ಉಂಟಲ್ಲ!” ಅಂದರು.

ಸ್ಟೇಷನ್ನಿನಲ್ಲಿ ನನಗೆ ಸಿಟ್ಟು ತಡೆಯಲಿಲ್ಲ. “ಬಂದವರನ್ನ ಕೂಡಿ ಹಾಕೂದಂದ್ರ? ಇಷ್ಟು ವಯಸ್ಸಾಗಿ ಒಂದೀಟು ನಾಚಿಕಿ ಬ್ಯಾಡೇನ್ರೀ?”

ಪಾಸ್ಟರು ಹಳಿಯ ಕಡೆ ನೋಡುತ್ತ ನಿಂತರು. ನಾನು ಅಷ್ಟಕ್ಕೇ ಬಿಡಲಿಲ್ಲ. ಉಳಿದ ಕಾರ್ಡುಗಳಲ್ಲೆಲ್ಲ ಐದನೇ ಸೂಚನೆ ಬರೆದೆ: ಬಂದವರು ಹೊರಟಾಗ ಬಾಗಿಲಿಗೆ ಕೀಲಿ ಹಾಕಿಡಬಾರದು. ಕೆಳಗೆ ಎರಡು ಗೆರೆ ಬೇರೆ ಎಳೆದೆ.

೫. ಕೊನೆಯ ಮನೆ

ಎರಡನೇ ಶನಿವಾರ ಮೂರು ಮನೆ ಮುಗಿಯಿತು. ಚೀಲದಲ್ಲಿ ಇನ್ನೊಂದು ಕಿಟ್ ಉಳಿದಿತ್ತು.

“ಮುಂದಿಂದು ಯಾರ ಮನಿ?” ಎಂದು ಕೇಳಿದೆ.

ಈ ವರ್ಷ ಪಟ್ಟಿ ಮಾಡಿದವಳು ನಮ್ಮ ಹೊಸ ಸೆಕ್ರೆಟರಿ. ಐರೋಲಿಯ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ಹಿಂದಿ. ಫೋನಿನಿಂದ ಕಣ್ಣೆತ್ತದೆ, “ಪಾಸ್ ಮೇ ಹೀ ಹೈ ಆಂಟಿ” ಅಂದಳು, ಇಲ್ಲೇ ಹತ್ತಿರ ಎಂದು.

ರಿಕ್ಷಾಗಳು ನಮ್ಮ ಓಣಿಗೆ ತಿರುಗಿದವು. “ಅಯ್ಯ, ನಮ್ಮ ಓಣಿಯಾಗ ನನಗ ಗೊತ್ತಿಲ್ದಂಗ ಯಾರಿದ್ದಾರ ಪಾಪ!” ಅಂದೆ. ನಮ್ಮ ಬಿಲ್ಡಿಂಗಿನ ಮುಂದೆಯೇ ನಿಂತವು. ನಾನೇ ಎಲ್ಲರಿಗಿಂತ ಮುಂದೆ ಕಿಟ್ ಹೊತ್ತು ಮೆಟ್ಟಿಲು ಹತ್ತಿದೆ. ಮೂರನೇ ಮಹಡಿಯಲ್ಲಿ ಇರುವುದು ಎರಡೇ ಬಾಗಿಲು. ಒಂದರಲ್ಲಿ ಐದು ಜನರ ಸಂಸಾರ. ಇನ್ನೊಂದರ ಮೇಲೆ ನನ್ನ ಯಜಮಾನರ ಹೆಸರಿನ ಹಲಗೆ.

ತಿರುಗಿ ನೋಡಿದೆ. ಒಬ್ಬರೂ ನನ್ನ ಮುಖ ನೋಡುತ್ತಿರಲಿಲ್ಲ.

“ಅದು... ಲಿಸ್ಟ್ ಕಂಪ್ಯೂಟರ್ ಮಾಡಿದ್ದು ಸಿಸ್ಟರ್” ಅಂದರು ಪಾಸ್ಟರು, ಬೆವರೊರೆಸಿಕೊಳ್ಳುತ್ತ.

“ಪೈಂಸಠ್ ಕೇ ಊಪರ್, ಅಕೇಲೇ ರಹನೇವಾಲೇ, ಐಸಾ ಫಿಲ್ಟರ್ ಲಗಾಯಾ ಆಂಟಿ. ಆಪ್‌ಕಾ ನಾಮ್ ಆ ಗಯಾ” ಅಂದಳು ಹುಡುಗಿ. ಅರವತ್ತೈದು ದಾಟಿದ ಒಂಟಿಯವರನ್ನು ಸೋಸಿ ತೆಗೆದರೆ ನನ್ನ ಹೆಸರೂ ಬಂತಂತೆ. ಅಳುವ ಹಾಗಿದ್ದಳು.

ನನಗೆ ಸಿಟ್ಟು ನೆತ್ತಿಗೇರಿತು. ಅದರ ಹಿಂದೆಯೇ ಅವಮಾನವಾಯಿತು. ಮೂರು ವರ್ಷ ಕಾಪಾಡಿಕೊಂಡು ಬಂದ ಮಾನ ಒಂದು ಫಿಲ್ಟರಿನಲ್ಲಿ ಹೋಯಿತಲ್ಲ! ಎಲ್ಲರನ್ನೂ ಕೆಳಗಿಳಿಸಿ ಕಳಿಸಬೇಕು ಅಂದುಕೊಂಡೆ. ಆಗ ಹಿಂದಿನಿಂದ ಗೌಂಡಿ, “ಅಕ್ಕಾರ, ನೀವು ಒಳಗ ಹೋಗ್ರಿ. ನಾವು ಬೆಲ್ ಹೊಡಿತೀವಿ” ಅಂದರು.

ಯಾಕೋ ಹಾಗೇ ಮಾಡಿದೆ. ಕಿಟ್ಟನ್ನು ಪಾಸ್ಟರ ಕೈಗಿಟ್ಟು, ಬೀಗ ತೆಗೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಕತ್ತಲೆಯ ಹಾಲಿನಲ್ಲಿ ನಿಂತೆ. ಒಂದು ಕುರ್ಚಿ, ಒಂದು ತಟ್ಟೆ, ಒಂದು ಲೋಟ. ಬೆಲ್ಲಾಯಿತು. ಏಳು ಜನ ಹೊರಗೆ ನಿಂತು ನನಗಾಗಿ ಬೆಲ್ಲು ಬಾರಿಸಿದ್ದು ಯಜಮಾನರನ್ನು ಕೊನೆಯ ಸಲ ಮನೆಗೆ ತಂದ ದಿನದ ಮೇಲೆ ಅದೇ ಮೊದಲು. ಬಾಗಿಲು ತೆಗೆದು, “ಯಾರ್ರೀ? ಬರ್ರಿ, ಒಳಗ ಬರ್ರಿ” ಅಂದೆ.

ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹಾಡಲು ಶುರು ಮಾಡಿದರು. ಎರಡನೇ ಸಾಲಿಗೇ ಪಾಸ್ಟರು ಕೈ ತೋರಿಸಿ ನಿಲ್ಲಿಸಿದರು. “ಏನೋ ಸರಿ ಬರುವುದಿಲ್ಲ ಮಾರಾಯ್ರೆ.”

“ಆಲ್ಟೊ ಇಲ್ಲಲ್ರೀ!” ಎಂದು ನಾನೇ ಎದ್ದೆ. ನನ್ನ ಮನೆಯಲ್ಲಿ ನನಗೇ ಸಮಾಧಾನ ಹೇಳುವ ಹಾಡಿಗೆ ನಿಂತು ಆಲ್ಟೊ ಹಾಡಿದೆ, ಪ್ರಾರ್ಥನೆಗೆ ಮತ್ತೆ ಹೋಗಿ ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೂತೆ. ಅಷ್ಟರಲ್ಲಿ ಬೆಲ್ಲು. ಕೆಳಗಿನ ಕಾಕೂ, ಈ ಸಲ ಬರಿಗೈಯಲ್ಲಿ, ಗಾಬರಿಯಿಂದ.

“ಅಗ ಬಾಈ! ಇತಕೇ ಲೋಕ ರಡತಾಯತ?” ಇಷ್ಟೊಂದು ಜನ ಅಳುತ್ತಿದ್ದಾರೆಯೇ ಎಂದು ಕೇಳಿದರು. ನನ್ನ ಗುರುವಾರದ ತಿಂಡಿಯ ಗುಟ್ಟು ಅಲ್ಲಿಗೆ ರಟ್ಟಾಯಿತು. ಕಾಕೂ ನನ್ನ ಬೆನ್ನಿಗೊಂದು ಗುದ್ದಿ, ನಕ್ಕು, ಕೂತರು.

ಕಿಟ್ ಬಿಚ್ಚಿದರೆ ರಾಗಿ ಹಿಟ್ಟು. ಇಷ್ಟು ಜನಕ್ಕೆ ಅಂಬಲಿ ಕೊಡಲಾದೀತೆ? ನಾಚಿಕೆ ಬಿಟ್ಟು ನನ್ನ ಕಾಫಿ ಡಬ್ಬಿ ತೆಗೆದೆ. ಅಟ್ಟದ ಮೇಲಿನ ಕಪ್ಪುಗಳನ್ನು ಗೌಂಡಿ ಇಳಿಸಿಕೊಟ್ಟರು, ಮೂರು ವರ್ಷದ ಧೂಳು ತೊಳೆದೆ. ಕಾಫಿ ಕುಡಿಯುತ್ತ ಪಾಸ್ಟರು ನನ್ನ ಕಾರ್ಡನ್ನು ಗಟ್ಟಿಯಾಗಿ ಓದಿದರು. ನಾಲ್ಕನೇ ಸೂಚನೆಗೆ ಎಲ್ಲರೂ ಕಪ್ಪು ಎತ್ತಿ ತೋರಿಸಿದರು. ಅಷ್ಟು ನಗು ಆ ಗೋಡೆಗಳು ಎಷ್ಟೋ ದಿನದಿಂದ ಕೇಳಿರಲಿಲ್ಲ.

ಆಮೇಲೆ ಪಾಸ್ಟರು ವಾಚು ನೋಡಿದರು. “ಬರುವ ಸಿಸ್ಟರ್. ಐದೂ ಇಪ್ಪತ್ತರ ಲೋಕಲ್ ಉಂಟು.”

ಎಲ್ಲರೂ ಎದ್ದರು. ಹುಡುಗಿ ಸೇಫ್ಟಿ ಡೋರ್ ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ಒಳಗಿನಿಂದ ಬೀಗ.

ನಾನು ಟಿವಿಯ ಮೇಲೆ ನೋಡಿದೆ. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ಕಿಟಕಿಯ ಕರಿಬೇವಿನ ಗಿಡದ ಬುಡದಲ್ಲೂ ನೋಡಿದೆ. ಸೆರಗಿನ ತುದಿಯ ಗಂಟನ್ನು ಮಾತ್ರ ಮುಟ್ಟಲಿಲ್ಲ.

ಮೊದಲು ನಕ್ಕವರು ಗೌಂಡಿ. ಪಾಸ್ಟರು ಕಾರ್ಡು ಎತ್ತಿ ಹಿಡಿದು, “ಸಿಸ್ಟರ್, ಇಲ್ಲಿ ಐದನೇ ಸೂಚನೆ ಅಂತ ಒಂದುಂಟು, ಕೆಳಗೆ ಎರಡು ಗೆರೆ ಬೇರೆ ಉಂಟು” ಅಂದರು.

“ಅದನ್ನ ಬರದಾಕಿಗೆ ಬುದ್ಧಿ ಇದ್ದಿಲ್ರೀ” ಅಂದೆ. “ಹೂಂ, ಇನ್ನೊಂದು ಹಾಡು ತೆಗೀರಿ. ನಾ ಕೀಲಿ ಹುಡುಕ್ತೀನಿ.”