ಸಿಂಹಾಸನವೇರಿದ ಬೆಟಗೇರಿ ಚಕ್ರವರ್ತಿ

ಜಪಾನಿಯರ ಮೇಲೆ ನನಗೆ ಅಪಾರ ಗೌರವ. ಮಾಂಗಾ ಎಂಬ ಚಿತ್ರಕಥೆಗಳಿಗೂ ಅನಿಮೆ ಎಂಬ ಕಾರ್ಟೂನುಗಳಿಗೂ ಅವರಿಡುವ ಹೆಸರು ಎಂದರೆ ಹೆಸರು! ಬೆಟಗೇರಿಯಲ್ಲಿ ಇಪ್ಪತ್ತು ವರ್ಷದಿಂದ ಲಗ್ನಪತ್ರಿಕೆ ಅಚ್ಚು ಹಾಕುತ್ತಿರುವ ನಾನೇ ಅಷ್ಟುದ್ದದ ಹೆಸರು ಕಂಡಿರಲಿಲ್ಲ. (ವರನ ಕಡೆಯವರು ಎಲ್ಲ ಪದವಿಗಳನ್ನೂ ಹಾಕಿಸಿದಾಗಲೂ.)

ಮಗಳು ಸೌಂದರ್ಯಾ ಮೊಬೈಲಿನಲ್ಲೇ ಜಪಾನಿ ಕಲಿತವಳು. ದಿನಾ ಸಂಜೆ ಒಂದು ಅನಿಮೆ ಹಚ್ಚಿ, "ಹೆಸರಿನ ಅರ್ಥ ಹೇಳ್ರಿ" ಎಂದು ನಮಗೆ ಪರೀಕ್ಷೆ ಇಡುತ್ತಾಳೆ. ನಾನು ಚಿತ್ರ ನೋಡಿ, ಮೀಸೆ ತಿರುವಿ, "ರಣಧೀರ ಮಾರ್ಜಾಲ!" ಎನ್ನುತ್ತೇನೆ. ಹೆಂಡತಿ ನಾಗರತ್ನಾ ಮೆಂತ್ಯೆ ಸೊಪ್ಪು ಸೋಸುತ್ತಲೇ, "ಬಾಜೂಮನಿ ಬೆಕ್ಕು ದಿನಾ ನಮ್ಮ ಹಾಲು ಕುಡದು ನನ್ನ ಮ್ಯಾಲೇ ಗುರ್ ಅಂತೈತಿ, ಅಂತಿರಬೇಕು" ಎನ್ನುತ್ತಾಳೆ. ಪ್ರತಿಸಲ ಅವಳದೇ ಸರಿ!

"ಹೆಂಗ ಗೊತ್ತಾತು?"

"ಹೆಸರು ಗಿಡ್ಡ ಇದ್ರ ಹೊಗಳಿಕಿ, ಉದ್ದ ಇದ್ರ ತಕರಾರು. ಇಷ್ಟ ನೋಡ್ರಿ."

ಇವಳ ಬುದ್ಧಿಗೆ ನಾನು ಮನಸಾರೆ ತಲೆಬಾಗುತ್ತೇನೆ. ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೆ. ಅವಳೂ ಒಂದು ವಿಷಯದಲ್ಲಿ ಬಾಯಿ ಬಿಡುವುದಿಲ್ಲವೆಂದು ನನಗೆ ಮಾತು ಕೊಟ್ಟಿದ್ದಾಳೆ. ಅದು ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನ ವಿಷಯ. ಹೆಂಡತಿಯನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುವ ಗಂಡನೆಂದು ಷಡ್ಡಕನ ಮುಂದೆ ಕೊಚ್ಚಿಕೊಂಡವನು ನಾನು. ಅದು ಹೊರಗೆ ಬಿದ್ದರೆ ಮಾನ ಮೂರಾಬಟ್ಟೆ.

ಹೀಗಿರಲು ಸೌಂದರ್ಯಾ ಕಾಲೇಜಿನ ಪ್ರದರ್ಶನಕ್ಕೆ ತಾನೇ ಒಂದು ಮಾಂಗಾ ಬರೆದಳು. ಮುಖಪುಟದಲ್ಲಿ ನಾನು! ಎತ್ತರದ ಆಸನದಲ್ಲಿ ರಾಜಗಾಂಭೀರ್ಯದಿಂದ ಕೂತಿದ್ದೇನೆ. ಪಕ್ಕದ ಖಾಲಿ ಆಸನದ ಮೇಲೆ ನನ್ನ ಹೆಗಲ ಮೇಲಿನ ವಲ್ಲಿ ಹಾಸಿದೆ. (ಪಟ್ಟದರಾಣಿಗೆ ಇರಬೇಕು.) ದೂರದಲ್ಲಿ ಒಬ್ಬ ಹೆಣ್ಣುಮಗಳು ಎರಡೂ ಕೈ ಎತ್ತಿ ನನ್ನನ್ನು ಕೊಂಡಾಡುತ್ತಿದ್ದಾಳೆ. ಮೇಲೆ ಜಪಾನಿ ಅಕ್ಷರಗಳಲ್ಲಿ ಹೆಸರು. ನನ್ನ ಕಣ್ಣು ತುಂಬಿ ಬಂತು.

"ಅರ್ಥ ಹೇಳ್ಲೇನಪ್ಪಾ?"

"ಬ್ಯಾಡ. ನನಗ ಅಷ್ಟೂ ತಿಳಿಯಂಗಿಲ್ಲೇನು? 'ಸಿಂಹಾಸನವೇರಿದ ಬೆಟಗೇರಿ ಚಕ್ರವರ್ತಿ'!"

"ಹೆಸರು ಮೂರು ಸಾಲ ಐತಿ, ನೋಡ್ಕೋರಿ" ಎಂದಳು ನಾಗರತ್ನಾ.

"ಚಕ್ರವರ್ತಿಗಳ ಹೆಸರು ಉದ್ದನ ಇರತಾವ."

ಆ ಮೂರೂ ಸಾಲನ್ನು ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿ, ಇನ್ನೂರು ಆಮಂತ್ರಣಪತ್ರಿಕೆಗಳನ್ನು ಶಿರಹಟ್ಟಿಯ ಸೋದರಮಾವನಿಂದ ಮುಂಡರಗಿಯ ಷಡ್ಡಕನವರೆಗೆ ಎಲ್ಲರಿಗೂ ಹಂಚಿದೆ. ಎಲ್ಲರೂ ಬಂದರು. ಕಾಲೇಜಿನ ಹಾಜಿರಾಬಿ ಮೇಡಂ ಪುಸ್ತಕವನ್ನು ಎತ್ತಿ ಹಿಡಿದು, "ಇದರ ಅರ್ಥ ಎಲ್ಲಾರಿಗೂ ಕೇಳೂವಂಗ ಹೇಳವಾ" ಎಂದರು. ನಾನು ಮೀಸೆ ತೀಡಿಕೊಂಡು ಎದ್ದು ನಿಂತೆ.

ಸೌಂದರ್ಯಾ ನನ್ನ ಕಡೆ ಒಮ್ಮೆ ನೋಡಿ ಓದಿದಳು: "ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನ್ಯಾಗ ಅವ್ವನ್ನ ಬಿಟ್ಟು ಬಸ್ ಹತ್ತಿ, ಆಕಿಗಂತ ವಲ್ಲಿ ಹಾಸಿದ ಸೀಟಿನ್ಯಾಗ ಗದಗತನಾ ಯಾರ್ನೂ ಕುಂಡ್ರಗೊಡದ ನಮ್ಮಪ್ಪ."

ಸಭೆ ಬಿದ್ದು ಬಿದ್ದು ನಕ್ಕಿತು. ಷಡ್ಡಕ ಕಣ್ಣೊರೆಸಿಕೊಳ್ಳುತ್ತಿದ್ದ.

"ಬಾಯಿ ಬಿಡಂಗಿಲ್ಲ ಅಂತ ಮಾತು ಕೊಟ್ಟಿದ್ದೆಲ್ಲ!" ಎಂದು ಹಲ್ಲು ಕಡಿಯುತ್ತ ನಾಗರತ್ನಾಳ ಕಿವಿಯಲ್ಲಿ ಉಸುರಿದೆ.

"ನಾ ಹೇಳಿದ್ದು ಮಗಳೊಬ್ಬಾಕಿಗೆರಿ" ಎಂದಳು ಆಕೆ ಶಾಂತವಾಗಿ. "ಬಂಗಾರದ ಅಕ್ಷರದಾಗ ಅಚ್ಚು ಹಾಕಿ ಇನ್ನೂರು ಮಂದಿಗೆ ಹಂಚಿದವ್ರು ನೀವು."