ಮೌಶಿಯ ಕಣ್ಣೀರಿನ ಮೇಲೊಂದು ವಾದ

ನಮ್ಮ ಮೌಶಿಯಷ್ಟು ಅಳುವ ಹೆಂಗಸು ಇಡೀ ಪುಣೆಯಲ್ಲಿ ಇನ್ನೊಬ್ಬಳಿಲ್ಲ. ಅವಳಷ್ಟು ಸುಖವಾಗಿರುವವಳೂ ಇಲ್ಲ! ಅವ್ವನ ಈ ತಂಗಿ ಇಲ್ಲಿನ ಕನ್ನಡ ನಾಟಕ ಮಂಡಳಿಯ ಖಾಯಂ ದುಃಖಿ. ಒಮ್ಮೆ ಅಪ್ಪಿತಪ್ಪಿ ಮದುವೆ ದಲ್ಲಾಳಿಯ ಹಾಸ್ಯಪಾತ್ರ ಕೊಟ್ಟರು. ಅದರಲ್ಲೂ ಗಳಗಳನೆ ಕಣ್ಣೀರು ಸುರಿಸಿದಳು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಎಂಥ ಆಳವಾದ ಅಭಿನಯವಂತೆ!

ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಪುರಾವೆಯಿಲ್ಲದ ಕಣ್ಣೀರನ್ನು ನಂಬುವುದುಂಟೆ? ಗ್ಲಿಸರಿನ್ ಎಂದು ಆರೋಪ ಹೊರಿಸಿ ಅವಳ ಮೇಕಪ್ ಡಬ್ಬಿ ಜಾಲಾಡಿದೆ. ಸಿಕ್ಕಿದ್ದು ಕುಂಕುಮ, ನಾಲ್ಕು ಪಿನ್ನು, ಕಾಂಟ್ಯಾಕ್ಟ್ ಲೆನ್ಸಿನ ಪುಟ್ಟ ಕರಡಿಗೆ. ಕನ್ನಡಕ ಹಾಕಿದ ಮಹಾರಾಣಿಯನ್ನು ಯಾರು ನೋಡುತ್ತಾರೆಂದು ಅವಳು ಲೆನ್ಸಿಗೆ ಇಳಿದಿದ್ದಳು. ತಿಂಗಳಿಗೆ ಬಿಸಾಡಬೇಕಾದದ್ದನ್ನು ಹರಿಯುವ ತನಕ ಬಳಸುವುದು ಅವಳ ಸಿದ್ಧಾಂತ.

ಈ ಸಲ ಮಗನನ್ನು ಕಳೆದುಕೊಂಡ ತಾಯಿಯ ಪಾತ್ರ, ಅವಳ ಬಾಳಿನ ಮೊದಲ ಮುಖ್ಯ ಪಾತ್ರ. ತಾಲೀಮಿನಲ್ಲಿ ಮರೆಯಿಂದ ಮಾತು ನೆನಪಿಸುವ ಕೆಲಸ ನನ್ನದು. ಅಲ್ಲಿ ಒಂದು ಸಂಗತಿ ಗಮನಿಸಿದೆ: ಮಗ ಸತ್ತ ಸುದ್ದಿ ಬರುವ ಮುಂಚೆಯೇ ಅಳು ಬರುತ್ತಿತ್ತು. ಫ್ಯಾನು ಹಾಕಿದೊಡನೆ! ಆರಿಸಿದೆ, ನಿಂತಿತು. ಮತ್ತೆ ಹಾಕಿದೆ, ಬಂತು. ಇನ್ನೇನು ಬೇಕು? ಅವಳನ್ನು ಎಳೆದುಕೊಂಡು ಕ್ಯಾಂಪ್ ಬಡಾವಣೆಯ ಕಣ್ಣಿನ ಡಾಕ್ಟರರ ಬಳಿ ಹೋದೆ.

ಸಂಜೆಗೆ ಕಣ್ಣಲ್ಲಿ ಮರಳು ಬಿದ್ದಂತಾಗುತ್ತದೆಯೇ, ಲೆನ್ಸ್ ತೆಗೆದರೆ ಹಾಯೆನಿಸುತ್ತದೆಯೇ ಎಂದು ಡಾಕ್ಟರು ಮರಾಠಿಯಲ್ಲಿ ವಿಚಾರಿಸಿದರು. ಎಲ್ಲದಕ್ಕೂ ಹೌದು ಎಂದ ಮೌಶಿ, ಕಲಾವಿದರಿಗೆ ಇದೆಲ್ಲ ಇರುವುದೇ ಎಂದು ಸೇರಿಸಿದಳು. ಕಣ್ಣು ಒಣಗಿರಬಹುದು ಎಂದರು ಡಾಕ್ಟರು. ನಾನೂ ಮೌಶಿಯೂ ಹುಟ್ಟಿದಂದಿನಿಂದ ಮೊದಲ ಬಾರಿ ಒಂದೇ ಪಕ್ಷ ಸೇರಿದೆವು. ಧಾರಾಕಾರ ಹರಿಯುವ ಕಣ್ಣು ಒಣಗಿದೆಯೇ? ಎಂಥ ತರ್ಕ!

ಲೆನ್ಸ್ ತೆಗೆಸಿ, ಕಣ್ಣಿಗೆ ಹಳದಿ ಬಣ್ಣ ತಾಗಿಸಿ, ನೀಲಿ ಬೆಳಕು ಬಿಟ್ಟು, ರೆಪ್ಪೆ ಬಡಿಯಬೇಡಿ ಎಂದು ಎಣಿಸತೊಡಗಿದರು. "ಏಕ್, ದೋನ್, ತೀನ್..." ಮೂರಕ್ಕೇ ಕಣ್ಣಿನ ಮೇಲಿನ ನೀರಪೊರೆ ಒಡೆಯಿತು. ಹತ್ತರ ತನಕವಾದರೂ ನಿಲ್ಲಬೇಕಿತ್ತಂತೆ.

ಮೌಶಿ ಮೇಲ್ಮನವಿ ಸಲ್ಲಿಸಿದಳು. ಡಾಕ್ಟರು ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿದರು. ಐದು ನಿಮಿಷದೊಳಗೆ ತೊಯ್ದು ತೊಪ್ಪೆ!

"ನೋಡ್ರಿ, ನಾ ಗೆದ್ದೆ," ಎಂದಳು.

ಅದೇ ರೋಗ ಎಂದರು ಡಾಕ್ಟರು. ರೆಪ್ಪೆಯಂಚಿನ ಎಣ್ಣೆ ಕಟ್ಟಿಕೊಂಡಿದೆ. ಪೊರೆ ಬೇಗ ಆರುತ್ತದೆ. ಹಳೆಯ ಲೆನ್ಸ್ ಉರಿಗೆ ತುಪ್ಪ ಸುರಿಯುತ್ತದೆ. ಉರಿ ತಾಳದೆ ಕಣ್ಣು ನೀರು ಚೆಲ್ಲುತ್ತದೆ. ಚೆಲ್ಲಿದ್ದು ಕೆನ್ನೆಗೆ, ಕಣ್ಣಿಗಲ್ಲ. ಲೆನ್ಸ್ ಬಂದ್, ಬಿಸಿಬಟ್ಟೆಯ ಶಾಖ, ಹನಿ ಔಷಧ. ನನ್ನ ಗ್ಲಿಸರಿನ್ ವಾದವೂ ಅಲ್ಲೇ ಮಣ್ಣಾಯಿತು.

ಮೂರು ವಾರದಲ್ಲಿ ಉರಿ ಹೋಯಿತು. ಕಣ್ಣೀರೂ ಹೋಯಿತು! ಫ್ಯಾನಿನ ಕೆಳಗೆ ಕೂತರೂ ಒಂದು ಹನಿಯಿಲ್ಲ. ಪ್ರದರ್ಶನಕ್ಕೆ ಆರು ದಿನವಿರುವಾಗ ಮೌಶಿ ಪಾತ್ರದ ಹಾಳೆಗಳನ್ನು ನನ್ನ ಮುಂದಿಟ್ಟಳು.

"ಬ್ಯಾರೆಯವರಿಗೆ ಕೊಡಾಕ ಹೇಳವಾ, ವಕೀಲಬಾಯಿ. ನನ್ನ ಕಡೆ ಇದ್ದದ್ದು ಅದೊಂದ ನೀರು."

"ಅದು ನಿಂದಲ್ಲ ಮೌಶಿ, ಫ್ಯಾನಿಂದು. ನಿಂದೇನದ ತೋರ್ಸು."

ಬಾಯಿಗೆ ಬಂದಂತೆ ಬೈದಳು. ಆದರೆ ಹಾಳೆ ತಿರುಗಿ ತೆಗೆದುಕೊಂಡಳು. ಲೆನ್ಸಿಲ್ಲ, ಕನ್ನಡಕಕ್ಕೆ ಅವಳ ಒಪ್ಪಿಗೆಯಿಲ್ಲ. ರಂಗದ ಮೇಲೆ ಬಾಗಿಲಿನಿಂದ ಮಂಚಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿ ಬಾಯಿಪಾಠ ಮಾಡಿದಳು.

ಪ್ರದರ್ಶನದಂದು ಮಗನ ಸುದ್ದಿ ಬಂತು. ಮೌಶಿ ಅಳಲಿಲ್ಲ. ಮಂಚದ ಮೇಲಿದ್ದ ಅವನ ಅಂಗಿಯನ್ನು ತಡಕಾಡಿ ಎತ್ತಿ, ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಕೊನೆಯ ಗುಂಡಿ ಹಾಕಿ, "ಉಂಡಾನೋ ಇಲ್ಲೋ?" ಎಂದು ಕೇಳಿದಳು. ಅಷ್ಟೇ. ಪರದೆ ಬಿದ್ದಾಗ ಎದ್ದ ಚಪ್ಪಾಳೆ ಮೇಕಪ್ ಕೋಣೆಯ ಕನ್ನಡಿಯನ್ನೇ ನಡುಗಿಸಿತು!

ಮೌಶಿ ತಡವರಿಸುತ್ತ ಬಂದು ನನ್ನ ತೋಳು ಹಿಡಿದಳು. "ನಂಗ ಏನೂ ಕಾಣವಲ್ದು. ಸ್ವಲ್ಪ ನೋಡಿ ಹೇಳ, ಯಾರರೆ ಅತ್ತಾರೇನು?"

ಪರದೆಯ ಸಂದಿಯಿಂದ ಇಣುಕಿದೆ.

"ನಂಗೂ ಕಾಣವಲ್ದು, ಮೌಶಿ," ಎಂದೆ.

ಅವಳು ಕೈಚಾಚಿ ನನ್ನ ಕೆನ್ನೆ ಮುಟ್ಟಿ ನೋಡಿದಳು. ಆಮೇಲೆ ಸೆರಗಿನಿಂದ ಮೆಲ್ಲಗೆ ಒರೆಸಿದಳು.