ಇಪ್ಪತ್ತೊಂದನೆಯ ಗಿರಾಕಿ

ಫ್ರೇಮಿನಂಗಡಿಯವನಿಗೆ ಅಹಂಕಾರ ತಲೆಗೇರಿದೆ ಎಂಬ ಸುದ್ದಿ ಬೀದಿಯ ತುಂಬ ಹರಡಿತ್ತು. ಅವನೀಗ ಕಂಡಕಂಡವರ ಫೋಟೋಗಳಿಗೆಲ್ಲ ಕಟ್ಟು ಹಾಕುವುದಿಲ್ಲವಂತೆ, ಮನೆತನ ವಿಚಾರಿಸುತ್ತಾನಂತೆ, ಶಿಫಾರಸು ಬೇರೆ ಬೇಕಂತೆ! ಎದುರಂಗಡಿಯ ದರ್ಜಿಯಂತೂ, “ನನ್ನ ಮದುವೆ ಫೋಟೋನೇ ವಾಪಸ್ ಕಳಿಸ್ದ ಕಣ್ರೀ. ನನ್ನ ಮುಖ ಅವನ ಗಾಜಿಗೆ ಸಾಲಲ್ವಂತೆ!” ಎಂದು ಬಂದವರ ಅಳತೆ ತೆಗೆಯುತ್ತಲೇ ಉಪ್ಪುಖಾರ ಹಚ್ಚುತ್ತಿದ್ದ.

ಸತ್ಯ ಅಷ್ಟು ವೈಭವದ್ದಲ್ಲ. ಅವನಿಗೆ ಬಂದದ್ದು ಅಹಂಕಾರವಲ್ಲ, ಬಿಟ್ಟಿ ಸಾಫ್ಟ್‌ವೇರು.

ಅಲ್ಲಿಯವರೆಗೆ ಅಂಗಡಿಯ ಲೆಕ್ಕಪತ್ರವೆಲ್ಲ ಚಿತ್ರದ ಹಿಂಬದಿಗೆ ಹೊಡೆಯುವ ರಟ್ಟಿನ ಮೇಲೆ, ಪೆನ್ಸಿಲಿನಲ್ಲಿ ನಡೆಯುತ್ತಿತ್ತು. ಆ ರಟ್ಟು ಎಷ್ಟೋ ಸಲ ಫ್ರೇಮಿನೊಳಗೇ ಸೇರಿ, ಒಬ್ಬರ ಬಾಕಿ ಇನ್ನೊಬ್ಬರ ಗೋಡೆಯಲ್ಲಿ ಗುಟ್ಟಾಗಿ ನೇತಾಡುತ್ತಿತ್ತು. ಇಂಥ ಸುಭಿಕ್ಷ ಕಾಲದಲ್ಲಿ ಮೂಲೆಯ ಹೊಸ ಹೋಟೆಲಿನ ಮ್ಯಾನೇಜರು ಅರವತ್ತು ಕೋಣೆಗಳ ಅರವತ್ತು ಚಿತ್ರಗಳಿಗೆ ಕಟ್ಟು ಹಾಕಲು ಹೇಳಿದ. ಷರತ್ತು ಒಂದೇ: “ಕಂಪ್ಯೂಟರ್ ಬಿಲ್ ನಮ್ಮ ಫೋನಿಗೆ ಬರ್ಬೇಕು. ಅದು ಬರೋವರೆಗೂ ಮಾಲು ಮುಟ್ಟಲ್ಲ.”

“ಒಂದು ಕಾಸೂ ಬಿಚ್ಚದೆ ಜಗತ್ತಿನ ಅತ್ಯುತ್ತಮ ಸಾಫ್ಟ್‌ವೇರ್ ತರ್ತೀನಿ ನೋಡ್ತಿರು!” ಎಂದು ಅವನು ಹೆಂಡತಿಯೆದುರು ಎದೆ ತಟ್ಟಿಕೊಂಡ. ಅವಳು ಗಾಜು ಕತ್ತರಿಸುತ್ತಿದ್ದಳು. ಆ ಅಂಗಡಿಯಲ್ಲಿ ಕೈ ನಡುಗದ ಜೀವ ಅದೊಂದೇ. “ತನ್ನಿ” ಎಂದಳು, ತಲೆಯೆತ್ತದೆ.

ಆಮೇಲೆ ನಡೆದದ್ದು ಸ್ವಯಂವರ. ಒಂದಕ್ಕೆ ಬೆಲೆ ಹೆಚ್ಚು; ಇನ್ನೊಂದು ಕಡಿಮೆ ಬೆಲೆಯದಾದರೂ ಅದನ್ನು ಕಲಿಯುವ ಪಾಠಕ್ಕೆ ಬೇರೆ ದುಡ್ಡು; ಮತ್ತೊಂದು ಮೊದಲ ತಿಂಗಳು ನಕ್ಕು ಎರಡನೆಯ ತಿಂಗಳು ಕೈಚಾಚುವ ಜಾತಿಯದು. ಕೊನೆಗೆ ಮಾಲೆ ಬಿದ್ದದ್ದು ಅಪ್ಪಟ ಬಿಟ್ಟಿಯದರ ಕೊರಳಿಗೆ. ಅದರ ಕೆಳತುದಿಯಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ ಬರೆದಿತ್ತು: ಇಪ್ಪತ್ತು ಗಿರಾಕಿಗಳಿಗೆ ಮಾತ್ರ. ಒಮ್ಮೆ ಸೇರಿಸಿದವರನ್ನು ಅಳಿಸುವಂತಿಲ್ಲ.

ಕಲಿಯುವ ಹುಮ್ಮಸ್ಸಿನಲ್ಲಿ ಅವನು ಹೆಂಡತಿಯನ್ನು ಸೇರಿಸಿದ, ಅತ್ತೆಯನ್ನು ಸೇರಿಸಿದ, ತನ್ನನ್ನೇ ಎರಡು ಸಲ ಸೇರಿಸಿದ. ಹೋಟೆಲಿನ ಚಿತ್ರಗಳ ಕೆಲಸ ನಡೆದಿರುವಾಗಲೇ ಉಳಿದ ಹದಿನಾರು ಸ್ಥಾನಗಳೂ ಬಿಡಿ ಗಿರಾಕಿಗಳಿಂದ ತುಂಬಿಹೋದವು. ಆಮೇಲೆ ಬಂದವರಿಗೆಲ್ಲ ಒಂದೇ ಉತ್ತರ: “ಜಾಗ ಇಲ್ಲ.”

“ಗೋಡೆ ನಮ್ದು ಸ್ವಾಮಿ, ಬೇಕಾದಷ್ಟು ಜಾಗ ಇದೆ!” ಎಂದು ಒಬ್ಬಾಕೆ ಬೈದುಕೊಂಡು ಹೋದಳು.

“ಯಾಕ್ರೀ, ಬಂದವರನ್ನ ಹಿಂದಕ್ಕೆ ಕಳಿಸ್ತಿದೀರಾ?” ಹೆಂಡತಿ ಕೇಳಿದಳು.

“ಸಾಫ್ಟ್‌ವೇರ್ ತುಂಬಿದೆ.”

“ಅಂಗಡಿ ಖಾಲಿ ಇದೆ! ದುಡ್ಡು ಕೊಟ್ರೆ ಎಷ್ಟು ಜನರನ್ನಾದ್ರೂ ಸೇರಿಸ್ಬಹುದಂತಲ್ಲ. ವರ್ಷಕ್ಕೆ ಎಷ್ಟು?”

“ಎರಡು ಹಾಳೆ ಗಾಜಿನ ಬೆಲೆ.”

“ಮೊನ್ನೆ ನೀವು ಕಾಲಿಟ್ಟು ಒಡೆದಿದ್ದು ಮೂರು ಹಾಳೆ.”

“ಅದು ಅಪಘಾತ. ಇದು ತತ್ವ!”

ತತ್ವಕ್ಕೆ ಪರೀಕ್ಷೆ ಒದಗಿದ್ದು ಅರವತ್ತು ಚಿತ್ರಗಳೂ ಸಿದ್ಧವಾದ ದಿನ. ಅಂಗಡಿಯಲ್ಲಿ ಹಿಡಿಸದೆ ಅವು ಮನೆಗೆ ಬಂದು ಮಂಚದ ಕೆಳಗೆ, ಬಚ್ಚಲ ಬಾಗಿಲಲ್ಲಿ, ಒಲೆಯ ಪಕ್ಕದಲ್ಲಿ ಬಿಡಾರ ಹೂಡಿದ್ದವು. ಹೆಂಡತಿ ಅಡುಗೆಮನೆಗೆ ಅಡ್ಡಡ್ಡಲಾಗಿ ನುಸುಳಬೇಕಾಗಿತ್ತು. ಬಿಲ್ಲು ಮಾಡೋಣವೆಂದರೆ, ಹೋಟೆಲು ಇಪ್ಪತ್ತೊಂದನೆಯ ಗಿರಾಕಿ!

ಆಗ ಅವನ ಮೆದುಳು ಮಿಂಚಿತು. ಅಳಿಸಬಾರದು, ಸರಿ, ಹೆಸರು ತಿದ್ದಬಹುದಲ್ಲ! ‘ಅತ್ತೆ’ ಎಂದಿದ್ದಲ್ಲಿ ಹೋಟೆಲಿನ ಹೆಸರು ಬರೆದು, ಅರವತ್ತು ಚಿತ್ರಗಳನ್ನೂ ಏರಿಸಿ, ಬಿಲ್ಲು ಕಳಿಸಿ ಮೀಸೆ ತಿರುವಿದ. ಹೆಸರು ಬದಲಾದರೂ ಫೋನ್ ಸಂಖ್ಯೆ ಅತ್ತೆಯದೇ ಉಳಿದದ್ದು ಅವನ ಗಮನಕ್ಕೆ ಬರಲಿಲ್ಲ.

ಮರುದಿನ ಮ್ಯಾನೇಜರು ಗುಡುಗಿದ: “ಎಲ್ಲಿ ಬಿಲ್ಲು? ಸಂಜೆಯೊಳಗೆ ಬರ್ಲಿಲ್ಲ ಅಂದ್ರೆ ಬೇರೆಯವರಿಗೆ ಹೇಳ್ತೀನಿ.”

“ಕಳಿಸಿದೀನಿ ಸಾರ್! ತಲುಪಿದೆ ಅಂತ ಇಲ್ಲಿ ಹಸಿರು ಗುರುತು ಬಂದಿದೆ!”

ತಲುಪಿದ್ದೇನೋ ನಿಜ. ಬಿಟ್ಟಿ ಸಾಫ್ಟ್‌ವೇರಿನ ಔದಾರ್ಯವೆಂದರೆ, ಗಂಟೆಗೊಮ್ಮೆ ನೆನಪೋಲೆಯನ್ನೂ ಅದು ಬಿಟ್ಟಿಯಾಗಿಯೇ ಕಳಿಸುತ್ತಿತ್ತು. ಮಧ್ಯಾಹ್ನ ಅತ್ತೆ, ಫೋನನ್ನು ಚೇಳಿನಂತೆ ಎರಡು ಬೆರಳಲ್ಲಿ ಹಿಡಿದು ಅಂಗಡಿಯ ಮೆಟ್ಟಿಲೇರಿದರು.

“ಅಳಿಯಂದ್ರೇ, ನಾನು ಹೋಟೆಲ್ ಇಟ್ಟಿದ್ದು ಯಾವಾಗ?”

ಅಳಿಯ ಹಸಿರು ಗುರುತನ್ನು ಅಂಗೈಯಿಂದ ಮುಚ್ಚಿದ.

“ಬೆಳಗ್ಗೆ ‘ಮಾನ್ಯ ಗ್ರಾಹಕರೇ’ ಅಂತಿತ್ತು. ಈಗ ‘ಕೊನೆಯ ಎಚ್ಚರಿಕೆ’ ಅಂತಿದೆ. ಇಷ್ಟು ವರ್ಷ ನಿಮ್ಮ ಜೊತೆ ಮಾತಲ್ಲಿ ಎಚ್ಚರಿಕೆಯಿಂದಾನೇ ಇದ್ನಲ್ಲಪ್ಪ!”

ಹೆಂಡತಿ ಫೋನು ನೋಡಿದಳು, ಗಂಡನನ್ನು ನೋಡಿದಳು. “ಅಮ್ಮಾ, ಇದು ಮೂಲೆ ಹೋಟೆಲಿನವರದು. ಇವರ ತತ್ವ ನಿನ್ನ ತಲೆಗೆ ಬಂದಿದೆ.”

“ಹಾಗಾದ್ರೆ ಅವರದು ಅವರಿಗೆ ತಲುಪಿಸೋಣ” ಎಂದವರೇ ಅತ್ತೆ ಸೆರಗು ಬಿಗಿದು ಹೊರಟರು. ಹೋಟೆಲಿನೊಳಗೇನು ಮಾತಾಯಿತೋ ಯಾರೂ ಕಾಣರು. ಅರ್ಧ ಗಂಟೆಯಲ್ಲಿ ಹೋಟೆಲಿನ ವ್ಯಾನು ಮನೆಯ ಮುಂದೆ ನಿಂತಿತು. ಮುಂದಿನ ಸೀಟಿನಲ್ಲಿ ಅತ್ತೆ, ಕೈಯಲ್ಲಿ ಪೂರ್ತಿ ಹಣದ ಚೆಕ್ಕು!

“ಅತ್ತೆ, ನೀವು ದೇವರು!” ಎಂದು ಅವನು ಕೈ ಚಾಚಿದ.

ಅವರು ಚೆಕ್ಕನ್ನು ಮಗಳ ಕೈಗಿಟ್ಟರು. “ಬಿಟ್ಟಿ ನಿಮ್ಮ ಸಾಫ್ಟ್‌ವೇರು ಅಳಿಯಂದ್ರೇ. ನಾನಲ್ಲ.”

ಈಗ ಅಂಗಡಿಯಲ್ಲಿರುವುದು ದುಡ್ಡು ಕೊಟ್ಟು ತಂದ ಸಾಫ್ಟ್‌ವೇರು. ಅದರ ಒಡತಿ ಹೆಂಡತಿ. ವಸೂಲಿ ವಿಭಾಗದ ಮುಖ್ಯಸ್ಥೆ, ಸಂಬಳ ಸಹಿತ, ಅತ್ತೆ. ಅವನಿಗೂ ಒಂದು ಪಾಸ್‌ವರ್ಡ್ ಕೊಟ್ಟಿದ್ದಾರೆ. ಅದರಿಂದ ಅವನು ಲೆಕ್ಕವನ್ನು ನೋಡಬಹುದು, ಮುಟ್ಟುವಂತಿಲ್ಲ.